ಮೂರನೆಯ ಕುರ್ಚಿಯಲ್ಲಿ ಕೂತವರು

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ನಮ್ಮ ಭಾಷೆ ಬಾರದವರಿಗೂ ಮನೋಚಿಕಿತ್ಸೆ ಕೊಡಬಹುದು, ನಡುವೆ ಒಬ್ಬ ಒಳ್ಳೆಯ ದುಭಾಷಿ ಬೇಕು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಅದೂ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ! ಹಾಗಾಗಿ ಈ ಸಲ ಪರೀಕ್ಷೆ ಭಯ, ಅತ್ತೆ-ಸೊಸೆ ಎಲ್ಲ ಬದಿಗಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಪತ್ರಗಳಿಂದ ತೆಗೆದಿದ್ದೇನೆ.

*

ಪ್ರಶ್ನೆ: ಮೇಡಂ, ನಮ್ಮ ಮನೆಮಾತು ತಮಿಳು. ತಾತ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆಂದು ಸೇಲಂ ಕಡೆಯಿಂದ ಭದ್ರಾವತಿಗೆ ಬಂದವರು. ನಾನು ಶಾಲೆ ಓದಿದ್ದು ಕನ್ನಡದಲ್ಲಿ, ಆಮೇಲೆ ಎಂ.ಎಸ್.ಡಬ್ಲ್ಯು. ಮಾಡಿದೆ. ಈಗ ಮನೆಯಿಂದಲೇ ಲಂಡನ್ನಿನ ಒಂದು ಸಂಸ್ಥೆಗೆ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಶ್ರೀಲಂಕಾದಿಂದ ಹೋಗಿ ಅಲ್ಲಿ ಆಶ್ರಯ ಪಡೆದ ತಮಿಳರು ತಮಿಳಿನಲ್ಲಿ ಹೇಳುತ್ತಾರೆ. ನಾನು ಅದನ್ನು ಥೆರಪಿಸ್ಟ್‌ಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. 'ಅವರು ಹೀಗೆ ಹೇಳಿದರು' ಅನ್ನುವಂತಿಲ್ಲ. 'ನನ್ನನ್ನು ಕಟ್ಟಿಹಾಕಿದರು', 'ನನ್ನ ತಮ್ಮ ತಿರುಗಿ ಬರಲೇ ಇಲ್ಲ' ಎಂದು ನನ್ನ ಬಾಯಲ್ಲೇ ಬರಬೇಕು. ಮುಗಿದ ಮೇಲೆ ಊಟ ಸೇರಲ್ಲ. ರಾತ್ರಿ ಅವರ ಮಾತು ನನ್ನ ದನಿಯಲ್ಲಿ ಕೇಳಿಸುತ್ತದೆ. ಅಮ್ಮ ಏನಾಯ್ತು ಅಂತ ಕೇಳುತ್ತಾರೆ. ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನಲ್ಲ, ಏನು ಹೇಳಲಿ? ಒಬ್ಬರು ನನ್ನ ಫೋನ್ ನಂಬರ್ ಕೇಳಿದರು. ಇನ್ನೊಬ್ಬರು ನಾನು ಇಂಡಿಯಾದವಳು ಅಂತ ಗೊತ್ತಾದ ಕೂಡಲೇ ಮಾತು ನಿಲ್ಲಿಸಿಬಿಟ್ಟರು. ಈ ಕೆಲಸ ಬಿಟ್ಟುಬಿಡಲಾ?
— ಹೆಸರು ಬೇಡ, ಪೇಪರ್ ಟೌನ್, ಭದ್ರಾವತಿ

ಉತ್ತರ: ಬಿಡುವುದೋ ಇರುವುದೋ ಆಮೇಲೆ ನೋಡೋಣ ತಂಗಿ. ಮೊದಲು ನಾನೊಂದು ಕೇಳುತ್ತೇನೆ. ಸೆಷನ್ ಮುಗಿದ ಮೇಲೆ ಆ ಥೆರಪಿಸ್ಟ್ ನಿಮ್ಮ ಜೊತೆ ಎಷ್ಟು ಹೊತ್ತು ಮಾತಾಡುತ್ತಾರೆ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. 'ಥ್ಯಾಂಕ್ಯೂ, ಬೈ' ಅಂದು ಮುಗಿಸುತ್ತಾರೆ ಅಂತ ಕಾಣುತ್ತದೆ. ಹಾಗಿದ್ದರೆ ಕೊರತೆ ನಿಮ್ಮ ಗಟ್ಟಿತನದಲ್ಲಿ ಇಲ್ಲ. ನಿಮ್ಮಿಂದ ಕೆಲಸ ಮಾಡಿಸಿಕೊಳ್ಳುವ ಕ್ರಮದಲ್ಲಿದೆ.

'ನಾನು' ಎಂದೇ ಹೇಳಬೇಕು ಅನ್ನುವುದಕ್ಕೆ ಕಾರಣವಿದೆ. 'ಅವರ ತಮ್ಮನಂತೆ, ಯಾರೋ ಬಂದು ಕರಕೊಂಡು ಹೋದರಂತೆ' ಅಂತ ಶುರು ಮಾಡಿದರೆ ನಾಲ್ಕು ಮಾತಿಗೇ ಯಾರ ತಮ್ಮ, ಯಾರು ಕಂಡದ್ದು ಎಲ್ಲ ಕಲಸಿಹೋಗುತ್ತದೆ. ಥೆರಪಿಸ್ಟ್ ಕೂಡ ಎದುರಿಗಿರುವ ಮನುಷ್ಯನನ್ನು ಬಿಟ್ಟು ದುಭಾಷಿಯನ್ನೇ ನೋಡಿ ಮಾತಾಡತೊಡಗುತ್ತಾರೆ. ನೊಂದವರು ತಮ್ಮ ಕತೆಗೆ ತಾವೇ ಪ್ರೇಕ್ಷಕರಾಗಿ ಕೂರುತ್ತಾರೆ. ಅದಕ್ಕಾಗಿ ಈ ನಿಯಮ. ಆದರೆ ಇದರ ಭಾರ ಪೂರ್ತಿ ಬೀಳುವುದು ದುಭಾಷಿಯ ಮೇಲೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತದಲ್ಲಿ ನಡೆದ ಹಿಂಸೆಯ ಸತ್ಯ ಹೊರತರಲು ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಬಹಿರಂಗ ವಿಚಾರಣೆಗಳು 1996ರಲ್ಲಿ ಶುರುವಾದವು. ಅಲ್ಲಿನ ದುಭಾಷಿಗಳು ಹಿಂಸೆ ಅನುಭವಿಸಿದವರ ಮಾತನ್ನೂ 'ನಾನು' ಎಂದೇ ಹೇಳಿದರು, ಹಿಂಸೆ ಕೊಟ್ಟವರ ಮಾತನ್ನೂ 'ನಾನು' ಎಂದೇ ಹೇಳಿದರು. ಒಂದೇ ಬಾಯಿ, ಒಂದೇ ದಿನ. ಅದು ಅವರಲ್ಲಿ ಹಲವರನ್ನು ಹಣ್ಣುಮಾಡಿತು. ನಿಮಗೆ ಆಗುತ್ತಿರುವುದು ವಿಚಿತ್ರವೇನಲ್ಲ.

ಈಗ ಮಾಡಬೇಕಾದ್ದು. ಸಂಸ್ಥೆಗೆ ಒಂದು ಮೇಲ್ ಬರೆಯಿರಿ. ಪ್ರತಿ ಸೆಷನ್‌ಗೆ ಮೊದಲು ಹತ್ತು ನಿಮಿಷ, ಮುಗಿದ ಮೇಲೆ ಕಾಲು ಗಂಟೆ ಥೆರಪಿಸ್ಟ್ ನಿಮ್ಮೊಡನೆ ಮಾತಾಡಬೇಕು ಅಂತ ಕೇಳಿ. ಆ ಹೊತ್ತಿಗೂ ಸಂಬಳ ಕೇಳಿ, ಸಂಕೋಚ ಬೇಡ. ಮೊದಲಿನ ಹತ್ತು ನಿಮಿಷದಲ್ಲಿ ಇವತ್ತು ಏನು ಬರಬಹುದು ಅಂತ ನಿಮಗೆ ಗೊತ್ತಾಗಬೇಕು. ನಿದ್ರೆ, ಮಾತ್ರೆಯ ವಿಚಾರವೋ, ಇಲ್ಲಾ ಸೆರೆಮನೆಯ ದಿನಗಳಿಗೇ ಕೈಹಾಕುತ್ತಾರೋ? ಗೊತ್ತಿದ್ದು ಕೇಳುವುದಕ್ಕೂ ಏಕಾಏಕಿ ಮೈಮೇಲೆ ಬೀಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಮುಗಿದ ಮೇಲಿನ ಕಾಲು ಗಂಟೆಯಲ್ಲಿ ಕತೆಯನ್ನು ಮತ್ತೆ ಹೇಳಬೇಕಾಗಿಲ್ಲ. ಎಲ್ಲಿ ಮಾತು ತಡವರಿಸಿತು, ಯಾವುದು ಮನಸ್ಸಿನಲ್ಲಿ ಸಿಕ್ಕಿಕೊಂಡಿದೆ ಅಂತ ಹೇಳಿದರೆ ಸಾಕು. ನಡುವೆ ತಡೆಯಲಾರದೆ ಹೋದರೆ 'ದುಭಾಷಿ ಒಂದು ನಿಮಿಷ ಕೇಳುತ್ತಿದ್ದಾರೆ' ಎಂದು ಹೇಳಿ ನಿಲ್ಲಿಸುವ ಹಕ್ಕೂ ನಿಮಗಿದೆ. ಅದನ್ನು ಮೊದಲೇ ಮಾತಾಡಿಕೊಂಡಿರಿ.

ಇನ್ನೊಂದು, ಯಾರೂ ಯೋಚಿಸದ ವಿಷಯ: ಗಡಿಯಾರ. ಲಂಡನ್ನಿನ ಮಧ್ಯಾಹ್ನ ಮೂರು ಗಂಟೆ ಅಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಕೇಳಿದ್ದು ನೇರ ಹಾಸಿಗೆಗೆ ಬರುತ್ತದೆ. ಅವರ ಬೆಳಗಿನ ಹೊತ್ತಿನ ಕೆಲಸ ಕೇಳಿ ತೆಗೆದುಕೊಳ್ಳಿ. ಆಗ ನಮಗೆ ಮಧ್ಯಾಹ್ನ. ಮುಗಿಸಿ ಎದ್ದರೆ ಹೊರಗೆ ಬಿಸಿಲಿರುತ್ತದೆ, ಸಂತೆಗೆ ಹೋಗಿ ಬರಬಹುದು. ಒಂದರ ಹಿಂದೆ ಒಂದು ಎರಡು ಸೆಷನ್ ಒಪ್ಪಿಕೊಳ್ಳಬೇಡಿ. ಮಲಗುವ ಕೋಣೆಯಲ್ಲಿ ಕೂತು ಈ ಕೆಲಸ ಮಾಡಬೇಡಿ.

ಅಮ್ಮನ ವಿಷಯ. ನೀವು ಸಹಿ ಹಾಕಿದ್ದು ಆ ಜನರ ಕತೆಗೆ. ನಿಮ್ಮ ದಣಿವಿಗೆ ಅಲ್ಲ. 'ಇವತ್ತು ಕೇಳಿದ್ದು ಭಾರವಾಗಿತ್ತು ಅಮ್ಮಾ, ವಿಷಯ ಕೇಳಬೇಡ, ಜೊತೆಗೆ ಕೂತ್ಕೋ' ಅಂದರೆ ಯಾವ ನಿಯಮವೂ ಮುರಿಯುವುದಿಲ್ಲ. ಈ ಕೆಲಸದಲ್ಲಿರುವ ಎಷ್ಟೋ ಮಂದಿ ಗುಟ್ಟು ಕಾಯುವುದೆಂದರೆ ತಾವೂ ಬಾಯಿ ಹೊಲಿದುಕೊಳ್ಳುವುದು ಎಂದುಕೊಂಡು ಸುಮ್ನೆ ಒಳಗೊಳಗೇ ಸವೆಯುತ್ತಾರೆ.

ಫೋನ್ ನಂಬರ್ ಕೇಳಿದ್ದು ತಪ್ಪಲ್ಲ. ಪರದೇಶದಲ್ಲಿ ವಾರಗಟ್ಟಲೆ ತನ್ನ ಭಾಷೆ ಕೇಳದವರಿಗೆ ನಿಮ್ಮ ದನಿ ಸಿಕ್ಕಿದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಿರಾಶ್ರಿತರ ಜೊತೆ ಕೆಲಸ ಮಾಡುವ 15 ಥೆರಪಿಸ್ಟ್‌ಗಳನ್ನೂ 15 ದುಭಾಷಿಗಳನ್ನೂ ಮಾತಾಡಿಸಿದ್ದರು. ನಿರಾಶ್ರಿತರ ನಂಟು ಎಷ್ಟೋ ಸಲ ಮೊದಲು ದುಭಾಷಿಯ ಜೊತೆಗೇ ಬೆಳೆಯುತ್ತದೆ, ಥೆರಪಿಸ್ಟ್‌ಗೆ ತಾನೇ ಹೊರಗಿನವನು ಅನ್ನಿಸುವುದೂ ಉಂಟು ಎಂದು ಅಲ್ಲಿ ಕಂಡಿತು. ಹಾಗಾಗಿ ನಂಬರ್ ಕೊಡಬೇಡಿ, ಆದರೆ ಗುಟ್ಟಾಗಿ 'ಇಲ್ಲ' ಅನ್ನಲೂ ಬೇಡಿ. ಕೇಳಿದ್ದನ್ನು ಥೆರಪಿಸ್ಟ್‌ಗೆ ಹೇಳಿ. ಆ ಒಂಟಿತನ ಅವರ ಕಿವಿಗೆ ಬೀಳಬೇಕು. ಅದಕ್ಕೆ ಮದ್ದು ಹುಡುಕುವುದು ಅವರ ಕೆಲಸ.

ನೀವು ಇಂಡಿಯಾದವರೆಂದು ಮಾತು ನಿಲ್ಲಿಸಿದವರ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆ ಆ ದ್ವೀಪದ ಉತ್ತರ, ಪೂರ್ವದಲ್ಲಿ ಇತ್ತು. ಹೋದದ್ದು ಶಾಂತಿಗೆ, ಆದದ್ದು ಯುದ್ಧ. ಆ ದಿನಗಳನ್ನು ಯಾಳ್ಪಾಣದಲ್ಲಿ (ಜಾಫ್ನಾದಲ್ಲಿ) ಕಳೆದ ಒಬ್ಬ ಹೆಂಗಸಿಗೆ ಇಂಡಿಯಾ ಅನ್ನುವುದು ಯಾವ ನೆನಪು ತರುತ್ತದೋ ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ನು ಕೆಲವರಿಗೆ ಇದೇ ನೆಮ್ಮದಿ ಕೊಡಬಹುದು. ತಮ್ಮೂರಿನ ದುಭಾಷಿಯಾದರೆ ಸುದ್ದಿ ನೆಂಟರ ಮನೆಗೆ ಹೋದೀತು ಅನ್ನುವ ಭಯ, ನಿಮ್ಮಿಂದ ಆ ಭಯವಿಲ್ಲ. ಮೊದಲ ದಿನವೇ ನೀವು ಯಾರು, ಎಲ್ಲಿಯವರು ಎಂದು ಹೇಳಿ, 'ಬೇರೆ ದುಭಾಷಿ ಬೇಕಿದ್ದರೆ ಹೇಳಿ' ಅಂತ ಥೆರಪಿಸ್ಟ್ ಬಾಯಲ್ಲೇ ಹೇಳಿಸಿ. ಮತ್ತೆ, ಅವರ ತಮಿಳು ಭದ್ರಾವತಿ ತಮಿಳಲ್ಲ. ಅರ್ಥವಾಗದ್ದನ್ನು ಊಹಿಸಬೇಡಿ, ಕೇಳಿಬಿಡಿ.

ಮೇಲ್ ಕಳಿಸಿದ ಮೇಲೆ ಸಂಸ್ಥೆಯವರು 'ನಿಮ್ಮ ಕೆಲಸ ಭಾಷಾಂತರ ಮಾತ್ರ' ಎಂದು ಬರೆದರೆ, ಆಗ ಬಿಡಿ. ಬೇರೆ ಸಂಸ್ಥೆ ಹುಡುಕಿ. ಒಪ್ಪಿಕೊಂಡು ನಡೆಸಿಕೊಟ್ಟರೆ ಇರಿ. ಇಷ್ಟಾಗಿಯೂ ನಿದ್ರೆ ಬರದೆ ವಾರಗಳು ಕಳೆದರೆ ನಿಮಗಾಗಿಯೇ ಒಬ್ಬ ಕೌನ್ಸೆಲರ್ ಬೇಕು, ಆ ಥೆರಪಿಸ್ಟ್ ಅಲ್ಲ, ಬೇರೆಯವರು. ಶಿವಮೊಗ್ಗಕ್ಕೆ ಬಂದರೆ ನನ್ನಲ್ಲೂ ಕುರ್ಚಿ ಖಾಲಿ ಇದೆ.

*

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಫ್ಯಾಮಿಲಿ ಡಾಕ್ಟರ್. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿಯನ್ ಕುಟುಂಬವೊಂದು ನನ್ನ ಕ್ಲಿನಿಕ್ಕಿಗೆ ಬರುತ್ತದೆ. ಮುಂಡಗೋಡು ಕ್ಯಾಂಪಿನವರು. ತಾಯಿಗೆ ಎದೆ ಬಡಿತ, ನಿದ್ರೆ ಇಲ್ಲ, ಬೆಚ್ಚಿಬೀಳುವುದು. ಇ.ಸಿ.ಜಿ., ಥೈರಾಯ್ಡ್ ಎಲ್ಲ ಸರಿ ಇದೆ. ಆಕೆಗೆ ಕನ್ನಡ ವ್ಯಾಪಾರಕ್ಕಾಗುವಷ್ಟು ಮಾತ್ರ. ಎಂಟನೇ ಕ್ಲಾಸಿನ ಮಗಳು ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಅವಳೇ ಎಲ್ಲ ಹೇಳುತ್ತಾಳೆ. ಮನಸ್ಸಿನ ವಿಷಯ ಕೇಳಿದರೆ 'ಅಮ್ಮಂಗೆ ಏನೂ ಇಲ್ಲ' ಅನ್ನುತ್ತಾಳೆ. ಮುಂದೇನು?
— ಡಾಕ್ಟರ್, ಶಿವಮೊಗ್ಗ

ಉತ್ತರ: ಮಗಳನ್ನು ಹೊರಗೆ ಕೂರಿಸಿ ಡಾಕ್ಟ್ರೇ. ಕೂಡಲೇ.

ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ. ತಾಯಿ ಅವಳೆದುರು ಹೇಳುವುದಿಲ್ಲ, ಹೇಳಿದರೂ ಅವಳು ಮುಂದೆ ದಾಟಿಸಲಾರಳು. ಮುಂಡಗೋಡು ಕ್ಯಾಂಪ್ 1966ರಲ್ಲಿ ಶುರುವಾದದ್ದು. 1959ರಲ್ಲಿ ದಲೈಲಾಮಾ ಅವರ ಹಿಂದೆ ಬಂದವರಿಗಾಗಿ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಬರುವುದು ಅಲ್ಲಿಗೇ ನಿಲ್ಲಲಿಲ್ಲ. 1980, 90ರ ದಶಕದಲ್ಲೂ ಜನ ಹಿಮಾಲಯ ದಾಟಿ ನೇಪಾಳದ ಮೂಲಕ ನಡೆದು ಬಂದರು. ಹಿಮದಲ್ಲಿ ಬೆರಳು ಕಳೆದುಕೊಂಡವರಿದ್ದಾರೆ, ಗಡಿಯಲ್ಲಿ ಸಿಕ್ಕಿಬಿದ್ದವರಿದ್ದಾರೆ, ಜೈಲು ಕಂಡವರಿದ್ದಾರೆ. ನಿಮ್ಮ ರೋಗಿಯ ಹಿಂದೆ ಏನಿದೆಯೋ ಗೊತ್ತಿಲ್ಲ. ಏನೂ ಇರದೆ ಬರೀ ಸಾಲದ ಚಿಂತೆಯೂ ಇರಬಹುದು. ಮೂಟೆಗಟ್ಟಲೆ ಸ್ವೆಟರ್ ಸಾಲಕ್ಕೆ ತಂದು, ಶಿವಮೊಗ್ಗದಲ್ಲಿ ಚಳಿಯೇ ಬೀಳದಿದ್ದರೆ ಯಾರಿಗೆ ಎದೆ ಬಡಿಯುವುದಿಲ್ಲ? ಅದನ್ನು ತಿಳಿಯಲಾದರೂ ದೊಡ್ಡವರೊಬ್ಬರ ಬಾಯಿ ಬೇಕು.

ಅಮೆರಿಕದಲ್ಲಿ 2003ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಕ್ಕಳ ಕ್ಲಿನಿಕ್ಕಿನಲ್ಲಿ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳ 13 ಭೇಟಿಗಳನ್ನು ರೆಕಾರ್ಡ್ ಮಾಡಿ ದುಭಾಷಿಗಳ ತಪ್ಪುಗಳನ್ನು ಎಣಿಸಿದರು. ಒಟ್ಟು 396. ಚಿಕಿತ್ಸೆಗೇ ಏಟು ಕೊಡಬಹುದಾದ ತಪ್ಪುಗಳ ಪಾಲು ತರಬೇತಿ ಇಲ್ಲದವರಲ್ಲಿ ಜಾಸ್ತಿ ಇತ್ತು. ಆ ತರಬೇತಿ ಇಲ್ಲದವರಲ್ಲಿ 11 ವರ್ಷದ ಒಂದು ಮಗುವೂ ಇತ್ತು, ರೋಗಿಯ ಒಡಹುಟ್ಟಿದ್ದು. ಅಲ್ಲಿ ವಿಷಯ ಕಿವಿನೋವು, ಔಷಧಿ. ಇಲ್ಲಿ ನಾವು ಮಾತಾಡುತ್ತಿರುವುದು ತಾಯಿಯ ಮೈಮೇಲೆ ಏನಾಯಿತು ಎಂಬುದನ್ನು. ಅದನ್ನು ಎಂಟನೇ ಕ್ಲಾಸಿನ ಹುಡುಗಿ ತನ್ನ ಬಾಯಲ್ಲಿ ಹೇಳುವಂತೆ ಮಾಡಿದರೆ ನಿಮಗೆ ಒಬ್ಬರಲ್ಲ, ಇಬ್ಬರು ರೋಗಿಗಳು.

ಕ್ಯಾಂಪಿನಲ್ಲಿ ಆಸ್ಪತ್ರೆ ಇದೆ, ಕನ್ನಡ-ಹಿಂದಿ ಬರುವ ನರ್ಸ್‌ಗಳು, ಟೀಚರ್‌ಗಳು ಇದ್ದಾರೆ. ತಾಯಿಯನ್ನೇ ಕೇಳಿ, ಯಾರು ಆಗಬಹುದು, ಯಾರು ಆಗಬಾರದು ಅಂತ. ಹೆಂಗಸಾದರೆ ಒಳ್ಳೆಯದು. ಪಕ್ಕದ ಸ್ವೆಟರ್ ಅಂಗಡಿಯವರು ಬೇಡ. ಫೋನಿನಲ್ಲಾದರೂ ಸರಿ, ಆದರೆ ಪ್ರತಿ ಸಲ ಅದೇ ದುಭಾಷಿ ಇರಲಿ. ಸೀಸನ್ ಮುಗಿಸಿ ಅವರು ಊರಿಗೆ ಹೋದ ಮೇಲೂ ಫೋನ್ ನಡೆಯುತ್ತದೆ. ಮಾಮೂಲಿ ರೋಗಿಗೆ ಕೊಡುವ ಹೊತ್ತಿನ ಎರಡು ಪಟ್ಟು ಇಟ್ಟುಕೊಳ್ಳಿ, ಎಲ್ಲ ಮಾತೂ ಎರಡು ಸಲ ಆಗಬೇಕಲ್ಲ. ಹೊರಗೆ ಮೂವತ್ತು ಜನ ಟೋಕನ್ ಹಿಡಿದು ಕೂತಿರುವಾಗ ಇದು ಆಗದು, ಭಾನುವಾರ ಕರೆಯಿರಿ. ಮೂರು ಕುರ್ಚಿ ತ್ರಿಕೋನದಲ್ಲಿ ಹಾಕಿ. ನೀವು ಆಕೆಯನ್ನು ನೋಡಿಯೇ ಮಾತಾಡಿ, ಒಂದೊಂದು ಸಣ್ಣ ವಾಕ್ಯ ಹೇಳಿ ನಿಲ್ಲಿಸಿ. ದುಭಾಷಿಯ ಜೊತೆ ಕನ್ನಡದಲ್ಲಿ ಪಕ್ಕದ ಹರಟೆ ಬೇಡವೇ ಬೇಡ. ವ್ಯಾಪಾರದ ಕನ್ನಡ ಬರುವವರಿಗೆ ನಿಮ್ಮ ಅರ್ಧ ಮಾತು ಅರ್ಥವಾಗುತ್ತದೆ. ಆ ಅರ್ಧವೇ ಅಪಾಯ.

ಕಾನೂನಿನ ಅನುಮಾನ ಬೇಡ. ನಿರಾಶ್ರಿತರ ಬಗೆಗಿನ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿಜ. ಆದರೆ ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಹಕ್ಕನ್ನು ಕೊಟ್ಟಿರುವುದು 'ಪ್ರತಿಯೊಬ್ಬ ವ್ಯಕ್ತಿ'ಗೆ. ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವ ಹಕ್ಕೂ ಅದರಲ್ಲಿದೆ.

*

ಪ್ರಶ್ನೆ: ಈಗ ಫೋನಿನಲ್ಲೇ ಭಾಷಾಂತರದ ಆ್ಯಪ್‌ಗಳಿವೆ. ದುಭಾಷಿ ಯಾಕೆ ಬೇಕು?
— ಇಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ

ಉತ್ತರ: 'ಊಟ ಆಯ್ತಾ', 'ನಾಳೆ ಹತ್ತಕ್ಕೆ ಬನ್ನಿ' ಇಷ್ಟಕ್ಕೆ ಆ್ಯಪ್ ಸಾಕು, ನಾನೂ ಬಳಸುತ್ತೇನೆ. ಅಳುತ್ತಾ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅದರ ಕೈಗೆ ಕೊಡಬೇಡಿ. ಆ ಮಾತು ಎಲ್ಲಿ ಹೋಗಿ ಉಳಿಯುತ್ತದೆ ಅನ್ನುವುದನ್ನೂ ಇಂಜಿನಿಯರ್ ಆಗುವ ನೀವೇ ಯೋಚಿಸಿ.

*

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮನಸ್ಸಿನ ನೋವು ಮೂರನೆಯವರ ಬಾಯಿಂದ ಬಂದರೆ ಅದರಲ್ಲಿ ಉಳಿಯುವುದೇನು? ಇದೆಲ್ಲ ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲವೇ?
— ತೀರ್ಥಹಳ್ಳಿ

ಉತ್ತರ: ನಿಮ್ಮ ಅನುಮಾನ ಎಷ್ಟೋ ಮನೋವೈದ್ಯರಿಗೂ ಇದೆ ಮೇಷ್ಟ್ರೇ. ಆ ಅನುಮಾನದ ನೆಪದಲ್ಲೇ ಎಷ್ಟೋ ಜನರಿಗೆ ಮಾತ್ರೆ ಬರೆದುಕೊಟ್ಟು ಕಳಿಸಿಬಿಡುತ್ತಾರೆ. ಅದಕ್ಕೆ ನನ್ನ ತಕರಾರು.

ಪೂರ್ವ ಲಂಡನ್ನಿನ ಒಂದು ಟ್ರಾಮಾ ಕ್ಲಿನಿಕ್ಕಿನವರು, ಅಂದರೆ ಮಾನಸಿಕ ಆಘಾತಕ್ಕೆ ಚಿಕಿತ್ಸೆ ಕೊಡುವವರು, ಇದನ್ನೇ ಪರೀಕ್ಷಿಸಿ 2007ರಲ್ಲಿ ಬರೆದರು. ದುಭಾಷಿಯ ಮೂಲಕ ಥೆರಪಿ ಪಡೆದ ನಿರಾಶ್ರಿತರು, ದುಭಾಷಿ ಇಲ್ಲದೆ ಪಡೆದ ನಿರಾಶ್ರಿತರು, ಇಂಗ್ಲಿಷ್ ಮಾತಾಡುವ ಸ್ಥಳೀಯರು, ಮೂರೂ ಗುಂಪಿನವರು ಸುಧಾರಿಸಿದರು. ದುಭಾಷಿ ಇದ್ದದ್ದು ಅಡ್ಡಿಯಾಗಲಿಲ್ಲ.

ಹೇಗೆ ಅಂತ ಕೇಳಿದರೆ ಒಂದು ಪದ್ಧತಿ ಹೇಳುತ್ತೇನೆ. ಜರ್ಮನಿಯ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದವರು ಯುದ್ಧ, ಚಿತ್ರಹಿಂಸೆ ಕಂಡವರಿಗಾಗಿ ರೂಪಿಸಿದ್ದು. ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದು ಹುಟ್ಟಿನಿಂದ ಇವತ್ತಿನವರೆಗಿನ ಬದುಕು. ಒಳ್ಳೆಯದು ಆದ ಕಡೆ ಹೂವು, ಕೆಟ್ಟದ್ದು ಆದ ಕಡೆ ಕಲ್ಲು. ನೋಡಿ, ಇಲ್ಲಿಯವರೆಗೆ ಭಾಷೆ ಹೆಚ್ಚು ಬೇಕಾಗಲೇ ಇಲ್ಲ. ಎಷ್ಟು ದೊಡ್ಡ ಕಲ್ಲು ಆರಿಸಿಕೊಂಡರು, ಇಡುವಾಗ ಕೈ ನಡುಗಿತಾ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಆಮೇಲಿನ ಸೆಷನ್‌ಗಳಲ್ಲಿ ಒಂದೊಂದೇ ಕಲ್ಲಿನ ಹತ್ತಿರ ನಿಂತು ಕತೆ ಹೇಳಿಸುತ್ತಾರೆ. ಥೆರಪಿಸ್ಟ್ ಅದನ್ನು ಬರೆದುಕೊಂಡು ಮುಂದಿನ ಸಲ ಓದಿ ಹೇಳುತ್ತಾರೆ, ದುಭಾಷಿ ಅದನ್ನು ಅವರ ಭಾಷೆಗೆ ತರುತ್ತಾರೆ. 'ಹಾಗಲ್ಲ, ಅವತ್ತು ಮಳೆ ಇತ್ತು, ಅಣ್ಣ ಇರಲಿಲ್ಲ' ಎಂದು ಅವರೇ ತಿದ್ದಿಸುತ್ತಾರೆ. ಸೋರಿಹೋದದ್ದು ಅಲ್ಲಿ ಸಿಕ್ಕಿಬೀಳುತ್ತದೆ. ನೀವು ಕಂಪೋಸಿಷನ್ ಪುಸ್ತಕ ತಿದ್ದಿಕೊಟ್ಟ ಹಾಗೆ, ಇಲ್ಲಿ ಕೆಂಪು ಪೆನ್ನು ಮಾತ್ರ ಬರೆಸಿದವರ ಕೈಯಲ್ಲಿ.

ಉಗಾಂಡದ ನಕಿವಾಲೆ ಎಂಬ ನಿರಾಶ್ರಿತರ ನೆಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ನಿರಾಶ್ರಿತರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ರುವಾಂಡ ಮತ್ತು ಸೊಮಾಲಿಯಾದವರಿಗೆ ಅವರಿಂದಲೇ ಈ ಚಿಕಿತ್ಸೆ ಕೊಡಿಸಿದರು. 2008ರಲ್ಲಿ ಫಲಿತಾಂಶ ಬಂತು, ಕೆಲಸ ಮಾಡಿತ್ತು. ನಡುವಿನವರಿಗೆ ಕಲಿಸಿ, ಬೆನ್ನಿಗೆ ನಿಂತರೆ ಉಳಿಯುವುದು ಬಹಳ ಇದೆ. ಕಲಿಸದೆ, ಯಾರೋ ಸಿಕ್ಕಿದವರನ್ನು ಕೂರಿಸಿದರೆ ನೀವು ಹೇಳಿದ ಹಾಗೆ ಶಾಸ್ತ್ರವೇ.

*

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಆಳುಗಳಿದ್ದಾರೆ. ಒಬ್ಬ ಹುಡುಗ ರಾತ್ರಿ ಕಿರುಚಿಕೊಂಡು ಏಳುತ್ತಾನೆ. ಊರು ಕೊಕ್ರಾಝಾರ್ ಕಡೆ ಅಂತೆ, ಚಿಕ್ಕವನಿದ್ದಾಗ ಮನೆ ಸುಟ್ಟು ಕ್ಯಾಂಪಿನಲ್ಲಿ ಇದ್ದನಂತೆ. ನಮ್ಮ ರೈಟ್ರಿಗೆ ಹಿಂದಿ ಬರುತ್ತದೆ. ಅವರನ್ನೇ ಜೊತೆಗೆ ಕೂರಿಸಿ ನಿಮ್ಮ ಹತ್ತಿರ ಮಾತಾಡಿಸಬಹುದಾ? ಹಾಗೇ ಅವನ ಕಾಗದ-ಪತ್ರದ ವಿಚಾರವನ್ನೂ ಕೇಳಿಕೊಳ್ಳೋಣ ಅಂತ.
— ಬೆಳೆಗಾರರು, ಕೊಪ್ಪ

ಉತ್ತರ: ಆಳು ಕಿರುಚಿದರೆ ಬೈದು ಸುಮ್ಮನಾಗಿಸುವವರೇ ಜಾಸ್ತಿ. ನೀವು ಪತ್ರ ಬರೆದಿರಿ, ಸಂತೋಷ. ಆದರೆ ರೈಟ್ರು ಬೇಡ. ಹಾಜರಿ ಹಾಕುವವರು, ಬಟವಾಡೆ ಮಾಡುವವರು ಅವರೇ ಅಲ್ವಾ? ಅವರ ಎದುರು ಆ ಹುಡುಗ 'ನಿದ್ರೆ ಇಲ್ಲ' ಎಂದು ಹೇಳಿದರೆ ನಾಳೆ ಕೆಲಸ ಹೋದೀತು ಎಂದು ಹೆದರುತ್ತಾನೆ. ಕಾಗದದ ವಿಚಾರವನ್ನು ಇದಕ್ಕೆ ಖಂಡಿತ ಸೇರಿಸಬೇಡಿ. ಅದನ್ನು ಬೇರೆ ದಿನ, ಬೇರೆ ಜಾಗದಲ್ಲಿ ನೋಡಿಕೊಳ್ಳಿ. ಒಮ್ಮೆ ವಿಚಾರಣೆ ಅನ್ನಿಸಿತೆಂದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ.

ಲೈನಿನ ಇನ್ನೊಬ್ಬ ಅಸ್ಸಾಮಿನವನನ್ನು ಕೂರಿಸೋಣ ಅಂತಲೂ ನಿಮಗೆ ಅನ್ನಿಸಬಹುದು. ನಿಧಾನ. ಕೊಕ್ರಾಝಾರ್ ಸುತ್ತ 2012ರಲ್ಲಿ ಅಲ್ಲಿನ ಬುಡಕಟ್ಟಿನವರಾದ ಬೋಡೊಗಳಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ಗಲಭೆಯಾಗಿ ಲಕ್ಷಗಟ್ಟಲೆ ಜನ ಕ್ಯಾಂಪ್ ಸೇರಿದರು. ಆ ವರ್ಷ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದವರು ಬೆಂಗಳೂರಿನಿಂದ ರೈಲು ತುಂಬಿ ಹೊರಟದ್ದು ನಿಮಗೂ ನೆನಪಿರಬಹುದು. ನಮಗೆ ಎಲ್ಲರೂ 'ಅಸ್ಸಾಮಿನವರು'. ಆದರೆ ನಿಮ್ಮ ಹುಡುಗನ ಮನೆ ಸುಟ್ಟವರು ಯಾರು, ನೀವು ಕೂರಿಸುವ ದುಭಾಷಿ ಯಾವ ಕಡೆಯವನು ಅಂತ ಅವರಿಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಹುಡುಗನನ್ನು ಒಬ್ಬನೇ ಇರುವಾಗ ಕೇಳಿ, ನಿನಗೆ ಯಾವ ಭಾಷೆ ಸಲೀಸು ಅಂತ.

ಮೊದಲ ಹೆಜ್ಜೆಗೆ ನನ್ನ ತನಕ ಬರಬೇಕಾಗಿಲ್ಲ. 14416ಕ್ಕೆ ಫೋನ್ ಮಾಡಿಸಿ. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, 20 ಭಾಷೆಗಳಲ್ಲಿ ಸೇವೆ ಇದೆ. ಅಸ್ಸಾಮಿ, ಬಂಗಾಳಿ, ಬೋಡೊ, ಹಿಂದಿ ಯಾವುದಾದರೂ ಆರಿಸಿಕೊಳ್ಳಲಿ. ನಡುವೆ ಯಾರೂ ಇಲ್ಲದೆ ನೇರ ಮಾತಾಡುವುದಕ್ಕಿಂತ ಒಳ್ಳೆಯದೇನಿದೆ? ತೋಟದಲ್ಲಿ ನೆಟ್‌ವರ್ಕ್ ಸಿಗುವ ಜಾಗ ನಿಮಗೇ ಗೊತ್ತು, ಅಲ್ಲಿಗೆ ಕಳಿಸಿ ನೀವು ದೂರ ಇರಿ. ಒಂದು ಸಲ ಮಾತಾಡಿದರೆ ಸಾಲುವುದಿಲ್ಲ, ಮತ್ತೆ ಮತ್ತೆ ಮಾಡಿಸಿ. ಕಿರುಚುವುದು ಕಡಿಮೆಯಾಗದಿದ್ದರೆ ಶಿವಮೊಗ್ಗಕ್ಕೆ ಕಳಿಸಿ, ಆ ಹೊತ್ತಿಗೆ ಅವನು ಒಪ್ಪುವ ದುಭಾಷಿಯನ್ನು ಫೋನಿನಲ್ಲಿ ನಾನೇ ಗೊತ್ತುಮಾಡುತ್ತೇನೆ.

ಅವತ್ತಿನ ಕೂಲಿ ಮುರಿಯಬೇಡಿ. ಹಾಜರಿ ಪುಸ್ತಕದಲ್ಲಿ ಬರೀ 'ಆಸ್ಪತ್ರೆ' ಅಂತ ಬರೆಸಿ, ಯಾವ ಆಸ್ಪತ್ರೆ ಅಂತ ರೈಟ್ರಿಗೆ ಬೇಡ.